ಬಿಲ್ಲೆ, ಪದಕ, ತುರ್ತು ಕಾಸು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಸರ್ಕಾರಿ ನಾಣ್ಯಕ್ಕಿಂತ ಅದರ ಅಕ್ಕಪಕ್ಕದ ವಸ್ತುಗಳದ್ದೇ ಮಾತು: ಪದಕ, ಟೋಕನ್, ಚಿಲ್ಲರೆ ಸಿಗದ ಕಾಲದಲ್ಲಿ ಚಿಲ್ಲರೆಯಾಗಿ ಓಡಿದ ರಟ್ಟಿನ ಚೂರು. ಫೋಟೊ ಕಳಿಸುವವರಲ್ಲಿ ಒಂದು ಕೋರಿಕೆ. ಎರಡು ಮುಖಗಳ ಜೊತೆ ಅಂಚಿನ ಫೋಟೊವೂ ಇರಲಿ. ತೂಕವನ್ನು ಗ್ರಾಂನ ಎರಡನೇ ದಶಮಾಂಶದವರೆಗೆ, ವ್ಯಾಸವನ್ನು ಮಿಲಿಮೀಟರಿನಲ್ಲಿ ಬರೆಯಿರಿ. ಇವಿಲ್ಲದೆ ನಾವು ಕೊಡುವ ಉತ್ತರ ಅರ್ಧ ಊಹೆಯೇ ಆಗಿಬಿಡುತ್ತದೆ.

ಪ್ರಶ್ನೆ: ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಹೆಬ್ಬೆರಳಿನಗಲದ ರಟ್ಟಿನ ಚೂರುಗಳು ಸಿಕ್ಕವು. ಮೋರ್ವಿ, ಜುನಾಗಢ ಎಂಬ ಹೆಸರು, ರಾಜಲಾಂಛನ, ಪೈಸೆಯ ಲೆಕ್ಕ ಇದೆ. ಇದು ದುಡ್ಡೋ, ಆಟದ ಸಾಮಾನೋ? (ಹುಬ್ಬಳ್ಳಿ)

ದುಡ್ಡೇ. ಸಂಗ್ರಾಹಕರು ಇವನ್ನು ಕ್ಯಾಶ್ ಕೂಪನ್ ಅನ್ನುತ್ತಾರೆ. ಎರಡನೇ ಮಹಾಯುದ್ಧದ ನಡುವೆ, 1942–43ರ ಸುಮಾರಿಗೆ, ಕಾಠಿಯಾವಾಡ ಮತ್ತು ರಾಜಪುತಾನದ ಸಂಸ್ಥಾನಗಳು ಚಿಲ್ಲರೆಯ ಬರಕ್ಕೆ ಕಂಡುಕೊಂಡ ದಾರಿ ಇದು. ಮೋರ್ವಿ, ಜುನಾಗಢ, ನವಾನಗರ, ಗೊಂಡಲ್, ಬೂಂದಿ, ಬಿಕಾನೇರ್ ಮುಂತಾದ ಸಂಸ್ಥಾನಗಳು ತಮ್ಮ ಗಡಿಯೊಳಗೆ ಓಡಲೆಂದು ಇವನ್ನು ಅಚ್ಚು ಹಾಕಿಸಿದವು. ಗಡಿ ದಾಟಿದರೆ ಅದು ಬರೀ ರಟ್ಟು.

ಬರ ಬಂದದ್ದು ಹೇಗೆಂದು ತಿಳಿದರೆ ಸಂಗ್ರಹಕ್ಕೆ ಒಂದು ಸಾಲು ಸಿಗುತ್ತದೆ. 1940ರಲ್ಲಿ ಯುರೋಪಿನ ಸುದ್ದಿ ಕೆಟ್ಟಂತೆ ಜನ ಬೆಳ್ಳಿ ರೂಪಾಯಿಯನ್ನು ಕೂಡಿಡತೊಡಗಿದರು. ಸರ್ಕಾರ ಅದೇ ವರ್ಷ ರೂಪಾಯಿಯ ಬೆಳ್ಳಿಯ ಅಂಶವನ್ನು ಸಾವಿರಕ್ಕೆ 917ರಿಂದ 500ಕ್ಕೆ ಇಳಿಸಿತು, 1 ರೂಪಾಯಿಯ ನೋಟನ್ನೂ ಹೊರತಂದಿತು. ಈ ನೋಟಿನಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. 5ನೇ ಜಾರ್ಜ್ ಚಿತ್ರವಿರುವ 1 ರೂಪಾಯಿ ನೋಟಿನ ಮೇಲೆ 1935 ಎಂದಿದೆ, ಆದರೆ ಅದು ಜನರ ಕೈಗೆ ಬಂದದ್ದು 1940ರಲ್ಲಿ, ರಾಜ ತೀರಿಕೊಂಡು ನಾಲ್ಕು ವರ್ಷವಾದ ಮೇಲೆ. ಮೊದಲೇ ಅಚ್ಚಾಗಿ ಉಗ್ರಾಣದಲ್ಲಿದ್ದದ್ದನ್ನು ಆಪತ್ತಿಗೆ ತೆಗೆದದ್ದು. ಹಾಗಾಗಿ ಅದೂ ತುರ್ತು ಹಣದ ಪೈಕಿಯೇ. ಸಣ್ಣ ನಾಣ್ಯಗಳ ಪಾಡು ಇನ್ನೂ ಹೀನ. 1942ರಿಂದ ಆಣೆಗಳು ನಿಕಲ್ ಮಿಶ್ರಿತ ಹಿತ್ತಾಳೆಗೆ ಬಂದವು. 1943ರಿಂದ ತಾಮ್ರ ಉಳಿಸಲೆಂದು ಪೈಸೆಯ ನಟ್ಟನಡುವೆ ತೂತೇ ಬಿತ್ತು. ನಮ್ಮ ಅಜ್ಜಿಯರು ಉಡಿದಾರಕ್ಕೆ ಪೋಣಿಸುತ್ತಿದ್ದ ತೂತಿನ ಕಾಸು ಅದೇ.

ಮೈಸೂರಿನ ರಟ್ಟಿನ ಕೂಪನ್ ಯಾಕಿಲ್ಲ ಎಂದೂ ಕೇಳಿದ್ದೀರಿ. ಮೈಸೂರಿನ ಟಂಕಸಾಲೆ 1843ರಲ್ಲೇ ಮುಚ್ಚಿತ್ತು. ಇಲ್ಲಿ ಆಮೇಲೆ ಓಡಿದ್ದು ಬ್ರಿಟಿಷ್ ಇಂಡಿಯಾದ ನಾಣ್ಯವೇ. ಆದರೆ ಯುದ್ಧಕಾಲದ ಇನ್ನೊಂದು ಜಾತಿಯ ಕಾಗದ ಬೆಂಗಳೂರಿನ ಹೆಸರು ಹೊತ್ತಿದೆ: ಜಾಲಹಳ್ಳಿ ಕಡೆಯ ಶಿಬಿರಗಳಲ್ಲಿದ್ದ ಇಟಲಿಯ ಸೆರೆಯಾಳುಗಳಿಗೆ ಕೊಡುತ್ತಿದ್ದ ಕ್ಯಾಂಟೀನ್ ಕೂಪನ್. ಕೈದಿಯ ಕೈಯಲ್ಲಿ ಹೊರಗೆ ಓಡುವ ಹಣವಿದ್ದರೆ ಕಾವಲಿನವನಿಗೆ ಲಂಚ ಕೊಡಬಹುದು, ತಪ್ಪಿಸಿಕೊಂಡ ಮೇಲೆ ರೈಲು ಟಿಕೆಟ್ಟೂ ತೆಗೆಯಬಹುದು. ಅದಕ್ಕೇ ಬೇಲಿಯೊಳಗೆ ಮಾತ್ರ ಬೆಲೆಯಿರುವ ಚೀಟಿ.

ನಿಮ್ಮ ಚೂರುಗಳನ್ನು ಪರೀಕ್ಷಿಸಲು ಎರಡು ಸಾಮಾನು ಸಾಕು: 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, 365 ನ್ಯಾನೊಮೀಟರಿನ ಯುವಿ ಟಾರ್ಚ್. ಮಸೂರದಲ್ಲಿ ಅಕ್ಷರದ ಅಂಚು ನೋಡಿ. ಬಣ್ಣಬಣ್ಣದ ಸಣ್ಣ ಚುಕ್ಕೆಗಳು ಸೇರಿ ಅಕ್ಷರವಾಗಿದ್ದರೆ ಅದು ಕಂಪ್ಯೂಟರ್ ಪ್ರಿಂಟು. ಹಳೆಯ ಮುದ್ರಣದಲ್ಲಿ ಶಾಯಿ ಒಂದೇ ಬಣ್ಣವಾಗಿ ತುಂಬಿಕೊಂಡಿರುತ್ತದೆ, ಅಚ್ಚುಮೊಳೆ ಒತ್ತಿದ್ದರೆ ಅಂಚಿನಲ್ಲಿ ಶಾಯಿ ದಪ್ಪಗಾಗಿರುತ್ತದೆ. ಕತ್ತಲಲ್ಲಿ ಟಾರ್ಚ್ ಬಿಟ್ಟಾಗ ರಟ್ಟು ಬಿಳಿನೀಲಿಯಾಗಿ ಹೊಳೆದರೆ ಅನುಮಾನಿಸಿ. ಕಾಗದವನ್ನು ಬೆಳ್ಳಗೆ ತೋರಿಸುವ ಆ ರಾಸಾಯನಿಕ ಬಳಕೆಗೆ ಬಂದದ್ದು ಯುದ್ಧದ ನಂತರ. ಆದರೆ ಹೊಳೆಯದಿದ್ದ ಮಾತ್ರಕ್ಕೆ ಅಸಲಿ ಎಂದಲ್ಲ. ಹಳೆ ಲೆಕ್ಕದ ಪುಸ್ತಕದ ಖಾಲಿ ಹಾಳೆಯ ಮೇಲೂ ನಕಲಿ ಹೊಡೆಯುವವರಿದ್ದಾರೆ.

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೊಟೇಪ್ ಹಚ್ಚಬೇಡಿ. ಪದರ ಬಿಟ್ಟ ಅಂಚನ್ನು ಫೆವಿಕಾಲಿನಿಂದ ಅಂಟಿಸುವುದೂ ಬೇಡ. ಬಿಟ್ಟುಕೊಂಡಿದ್ದರೆ ಬಿಟ್ಟುಕೊಂಡಿರಲಿ.

ಪ್ರಶ್ನೆ: ಟಿಪ್ಪು ಸುಲ್ತಾನ್ ಸೋತಾಗ ಸೈನಿಕರಿಗೆ ಕೊಟ್ಟ ಪದಕ ಎಂದು ತವರದಂಥ ಲೋಹದ ಒಂದನ್ನು ತೋರಿಸುತ್ತಿದ್ದಾರೆ. ಒಂದು ಕಡೆ ಸಿಂಹ ಹುಲಿಯನ್ನು ಕೆಡವಿದೆ. ಕೊಳ್ಳಬಹುದೆ? (ಮಂಡ್ಯ)

ಅಂಥ ಪದಕ ಇರುವುದು ನಿಜ. ನಿಮ್ಮ ಮುಂದೆ ಇಟ್ಟಿರುವುದು ಅದೇನಾ ಎಂಬುದಷ್ಟೇ ಪ್ರಶ್ನೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಇದನ್ನು ಮಾಡಿಸಿತು. ಅಚ್ಚಿನ ಕೆಲಸ ಕಾನ್ರಾಡ್ ಕ್ಯೂಕ್ಲರ್ ಎಂಬ ಕಲಾವಿದನದು. ಟಂಕಿಸಿದ್ದು ಬರ್ಮಿಂಗ್‌ಹ್ಯಾಮ್ ಬಳಿ ಮ್ಯಾಥ್ಯೂ ಬೌಲ್ಟನ್‌ನ ಸೋಹೊ ಟಂಕಸಾಲೆ. ಒಂದು ಮುಖದಲ್ಲಿ ಬ್ರಿಟಿಷ್ ಸಿಂಹ ಮೈಸೂರಿನ ಹುಲಿಯನ್ನು ಕೆಡವಿದೆ, ಮೇಲೆ ಬಾವುಟದಲ್ಲಿ ಅರಬ್ಬಿಯಲ್ಲಿ 'ಅಸದುಲ್ಲಾಹ್ ಅಲ್‌ಗಾಲಿಬ್', ಅಂದರೆ ದೇವರ ವಿಜಯಿ ಸಿಂಹ. ಟಿಪ್ಪುವಿನ ಆಯುಧಗಳ ಮೇಲೆ ಹುಲಿಯ ಮುಖದ ಆಕಾರದಲ್ಲಿ ಬರೆಸಿದ್ದ ಮಾತೇ ಇದು. ಸೋತವನ ಮಾತನ್ನೇ ಕಿತ್ತು ತಮ್ಮ ಬಾವುಟಕ್ಕೆ ಹಾಕಿಕೊಂಡ ಕುಹಕ ಗಮನಿಸಿ. ಕೆಳಗೆ ರೋಮನ್ ಅಂಕಿಯಲ್ಲಿ ತಾರೀಖು. ಇನ್ನೊಂದು ಮುಖದಲ್ಲಿ ಕೋಟೆಗೆ ನುಗ್ಗುವ ದೃಶ್ಯ, ನೆತ್ತಿಯ ಮೇಲೆ ಸೂರ್ಯ (ದಾಳಿ ನಡೆದದ್ದು ಮಧ್ಯಾಹ್ನ), ಅಡಿಯಲ್ಲಿ ಪರ್ಷಿಯನ್ ಸಾಲು.

ದರ್ಜೆಗೆ ತಕ್ಕ ಲೋಹ: ಮೇಲಿನವರಿಗೆ ಚಿನ್ನ, ಅವರ ಕೆಳಗೆ ಚಿನ್ನದ ಲೇಪದ ಬೆಳ್ಳಿ, ಆಮೇಲೆ ಬೆಳ್ಳಿ, ಕಂಚು, ಸಾಮಾನ್ಯ ಸಿಪಾಯಿಗೆ ತವರ. ಸಿಪಾಯಿಗಳೇ ಹೆಚ್ಚಿದ್ದುದರಿಂದ ತವರದ್ದೇ ಎಲ್ಲಕ್ಕಿಂತ ಹೆಚ್ಚು ಹೊರಟಿತು. ಆದರೆ ತವರ ಮೆತ್ತಗಿನ ಲೋಹ, ಸವೆದು ಮೊಂಡಾಗಿ ಹಾಳಾಗುತ್ತದೆ. ಹೊಳಪು ಉಳಿದ ತವರದ ಪದಕ ಸಿಗುವುದು ಕಷ್ಟ. ನಿಮಗೆ ತೋರಿಸಿದ್ದು ಥಳಥಳ ಹೊಳೆಯುತ್ತಿದ್ದರೆ ಅಲ್ಲೇ ನಿಲ್ಲಿ.

ಮೊದಲ ಅಳತೆ ವ್ಯಾಸ. ಸೋಹೊದ್ದು 48 ಮಿ.ಮೀ. ಕಲ್ಕತ್ತಾ ಟಂಕಸಾಲೆಯಲ್ಲಿ ಮಾಡಿದ್ದು 45 ಮಿ.ಮೀ. ಹೊಂದುವುದು ಈ ಎರಡೇ. ಅಸಲಿ ಪದಕದ ಮೇಲೆ ಮಣ್ಣೊತ್ತಿ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುತ್ತದೆ. ಕಂಚಿನಂಥ ಲೋಹ ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಕುಗ್ಗುತ್ತದೆ. ಹಾಗಾಗಿ 48ರ ನಕಲು 47 ಚಿಲ್ಲರೆಗೆ ಬಂದು ನಿಲ್ಲುತ್ತದೆ. ಕ್ಯಾಲಿಪರ್ 47.2 ತೋರಿಸಿದರೆ 'ಸ್ವಲ್ಪ ಸವೆದಿದೆ ಸಾರ್' ಎಂಬ ಮಾತಿಗೆ ಮರುಳಾಗಬೇಡಿ. ಸವೆತ ಮೊದಲು ತಿನ್ನುವುದು ಸಿಂಹದ ಕೇಸರ, ಹುಲಿಯ ಪಕ್ಕೆಯಂಥ ಉಬ್ಬನ್ನು. ಉಬ್ಬುಗಳು ಚೂಪಾಗಿಯೇ ಇದ್ದು ವ್ಯಾಸ ಮಾತ್ರ ಕಡಿಮೆಯಾಗಿದ್ದರೆ ಅದು ಎರಕವೇ.

ಎರಡನೆಯದು ಅಂಚು. ಸುತ್ತಲೂ ಸಣ್ಣ ಗೆರೆಯೊಂದು ಓಡಿದ್ದರೆ ಎರಡು ಚಿಪ್ಪು ಅಂಟಿಸಿದ್ದಾರೆ ಎಂದರ್ಥ. ವಿದ್ಯುತ್ತಿನಿಂದ ತಾಮ್ರದ ತೆಳು ಚಿಪ್ಪು ಬೆಳೆಸಿ ಒಳಗೆ ಸೀಸ ತುಂಬುವ ನಕಲಿಗಳಲ್ಲಿ ಇದು ಕಾಣುತ್ತದೆ. ಅರ ಹಾಕಿ ಉಜ್ಜಿದ ಗುರುತಿದ್ದರೂ ಅನುಮಾನವೇ. ಮೂರನೆಯದು ಬಯಲು ಭಾಗ, ಅಕ್ಷರ ಚಿತ್ರಗಳಿಲ್ಲದ ಜಾಗ. ಮಸೂರದಲ್ಲಿ ಸೂಜಿಮೊನೆಯಂಥ ಗುಳಿಗಳು ಕಂಡರೆ, ಅಥವಾ ಬಳಸಿ ಸವೆದ ಸೋಪಿನ ಬಿಲ್ಲೆಯಂತೆ ಎಲ್ಲ ಮೂಲೆಗಳೂ ದುಂಡಗಾಗಿದ್ದರೆ ಎರಕ.

ಲೋಹಕ್ಕೆ ಸಾಂದ್ರತೆಯ ಪರೀಕ್ಷೆ ಮಾಡಿ, ಕ್ರಮ ಮುಂದಿನ ಉತ್ತರದಲ್ಲಿದೆ. ತವರ 7.3. ಸೀಸವಾಗಿದ್ದರೆ 11ರ ಮೇಲೆ ಹೋಗುತ್ತದೆ, ತಕ್ಷಣ ಸಿಕ್ಕಿಬೀಳುತ್ತದೆ. ಸತುವಿನ ಎರಕ 6.6ರಿಂದ 7.1ರ ಒಳಗೆ ಬರುವುದರಿಂದ ಅಲ್ಲಿ ಎಚ್ಚರ ಬೇಕು. ಇನ್ನೊಂದು ಸಂಗತಿ. ಈ ಪದಕವನ್ನು ತೂಗುಹಾಕುವ ಕೊಂಡಿ, ರಿಬ್ಬನ್ ಇಲ್ಲದೆ ಕೊಟ್ಟಿದ್ದರು. ಪಡೆದವರೇ ಆಮೇಲೆ ಕೊಂಡಿ ಬೆಸೆಸಿಕೊಂಡರು. ಆದ್ದರಿಂದ ಕೊಂಡಿ ಇದ್ದರೆ ನಕಲಿ ಎಂದೂ ಇಲ್ಲ, ಇಲ್ಲದಿದ್ದರೆ ನಕಲಿ ಎಂದೂ ಇಲ್ಲ.

ಕೊಳ್ಳುವುದಾದರೆ ವಿವರ ಬರೆದ ರಸೀದಿ ಕೇಳಿ ಪಡೆಯಿರಿ. ನೂರು ವರ್ಷ ದಾಟಿದ್ದು 1972ರ ಪುರಾತನ ವಸ್ತುಗಳ ಕಾಯ್ದೆಯ ಅಡಿಗೆ ಬರುತ್ತದೆ. ಅದನ್ನು ವಿದೇಶದಲ್ಲಿರುವ ಮಗನಿಗೆ ಉಡುಗೊರೆಯಾಗಿ ಸೂಟ್‌ಕೇಸಿನಲ್ಲಿ ಕಳಿಸುವಂತಿಲ್ಲ.

ಪ್ರಶ್ನೆ: ಕಾಲೇಜಿನ ಹಳೆ ಪದಕ ಬೆಳ್ಳಿಯದೋ ಜರ್ಮನ್ ಸಿಲ್ವರೋ, ಗೀರದೆ ತಿಳಿಯುವುದು ಹೇಗೆ? (ಧಾರವಾಡ)

ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ. ಚಿನಿವಾರರು ಒರೆಗಲ್ಲಿಗೆ ಉಜ್ಜಿದರೆ ಪದಕಕ್ಕೆ ಗಾಯವಾಗುತ್ತದೆ. ನೀರಿನಲ್ಲಿ ತೂಗಿದರೆ ಯಾವ ಗಾಯವೂ ಇಲ್ಲ.

0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ತನ್ನಿ. ಮೊದಲು ಪದಕವನ್ನು ಒಣಗಿದಂತೆ ತೂಗಿ ಬರೆದುಕೊಳ್ಳಿ. ನಂತರ ತಕ್ಕಡಿಯ ಮೇಲೆ ಅರ್ಧ ನೀರಿರುವ ಗಾಜಿನ ಲೋಟ ಇಟ್ಟು ಸೊನ್ನೆ ಮಾಡಿ. ಪದಕಕ್ಕೆ ತೆಳುವಾದ ನೈಲಾನ್ ದಾರ ಕಟ್ಟಿ, ಪೂರಾ ಮುಳುಗುವಂತೆ, ಆದರೆ ತಳಕ್ಕೂ ಗೋಡೆಗೂ ತಾಗದಂತೆ ಇಳಿಬಿಡಿ. ಆಗ ತಕ್ಕಡಿ ತೋರಿಸುವುದೇ ಪದಕ ಸರಿಸಿದ ನೀರಿನ ತೂಕ. ಮೊದಲ ಸಂಖ್ಯೆಯನ್ನು ಇದರಿಂದ ಭಾಗಿಸಿ. 28.40 ಗ್ರಾಂನ ಪದಕ 2.75 ತೋರಿಸಿದರೆ ಭಾಗಲಬ್ಧ 10.33, ಅಂದರೆ ನೂರಕ್ಕೆ 92.5ರ ಬೆಳ್ಳಿಗೆ ಹತ್ತಿರ. ಅದೇ ತೂಕದ್ದು 3.30 ತೋರಿಸಿದರೆ 8.6, ಜರ್ಮನ್ ಸಿಲ್ವರ್.

ಎಡವಟ್ಟಾಗುವುದು ಗಾಳಿಗುಳ್ಳೆಯಿಂದ. ಅಕ್ಷರಗಳ ಸಂದಿಯಲ್ಲಿ ಗುಳ್ಳೆ ಕೂತರೆ ಬೆಳ್ಳಿಯೂ ಹಗುರವಾಗಿ ತೋರುತ್ತದೆ. ನೀರಿಗೆ ಒಂದೇ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಪದಕವನ್ನು ಮೆಲ್ಲಗೆ ಅಲುಗಿಸಿ. ಮೂರು ಸಲ ತೂಗಿ, ಮೂರೂ ಹೊಂದಬೇಕು. ಎನಾಮಲ್ ಬಣ್ಣ ತುಂಬಿದ್ದು, ಉಕ್ಕಿನ ಪಿನ್ನಿರುವುದು, ಒಳಗೆ ಟೊಳ್ಳಾಗಿರುವುದು ಈ ಪರೀಕ್ಷೆಗೆ ಬರುವುದಿಲ್ಲ. ಸೀಸದ ತಿರುಳಿಗೆ ತಾಮ್ರದ ಹೊದಿಕೆ ಹಾಕಿದರೆ ಲೆಕ್ಕ ಬೆಳ್ಳಿಯ ಹತ್ತಿರಕ್ಕೇ ಬಂದು ನಿಲ್ಲಬಹುದು. ಹಾಗಾಗಿ ಅಂಚನ್ನೂ ನೋಡಿ.

ಪ್ರಶ್ನೆ: ಈಸ್ಟ್ ಇಂಡಿಯಾ ಕಂಪನಿಯ 1818ರ ಅರ್ಧ ಆಣೆ, ಹಿಂದೆ ಆಂಜನೇಯ. ಅಕ್ಕಿಯನ್ನು ಎಳೆಯುತ್ತದಂತೆ. ಬೆಲೆ ಎಷ್ಟು? (ಕೊಪ್ಪಳ)

ಹಿತ್ತಾಳೆಯ ಬೆಲೆ. ಬ್ರಿಟಿಷ್ ಇಂಡಿಯಾಕ್ಕೆಲ್ಲ ಒಂದೇ ಮಾದರಿಯ ಕಂಪನಿ ನಾಣ್ಯ ಬಂದದ್ದು 1835ರಲ್ಲಿ. ಅದರ ಅಸಲಿ ಅರ್ಧ ಆಣೆ ತಾಮ್ರದ್ದು, ಸುಮಾರು 12.95 ಗ್ರಾಂ, ಒಂದು ಕಡೆ ಕಂಪನಿಯ ಲಾಂಛನ. ಆಂಜನೇಯ, ಲಕ್ಷ್ಮಿ, ಓಂಕಾರ, ಕಮಲ ಯಾವುದೂ ಅದರಲ್ಲಿಲ್ಲ. 1616, 1717, 1818 ಎಂಬ ಜೋಡಿ ಅಂಕಿಯ ಇಸವಿಗಳೆಲ್ಲ ಈಚಿನವರು ಹೊಡೆದದ್ದು. ಪೂಜೆಗೆಂದು ಮಾಡಿಸುವ ರಾಮಟಂಕಿ ಬೇರೆ. ಅದು ನಾಣ್ಯ ಎಂದು ಹೇಳಿಕೊಳ್ಳುವುದಿಲ್ಲ, ದೇವರ ಮನೆಯ ಟೋಕನ್, ಅದನ್ನು ಅದರದೇ ಹೆಸರಿನಲ್ಲಿ ಕೂಡಿಡಬಹುದು. ಅಕ್ಕಿ ಎಳೆಯುವ ವಿಷಯಕ್ಕೆ ಬಂದರೆ, ಒಳಗೆ ಅಯಸ್ಕಾಂತ ಇಟ್ಟು, ಅಕ್ಕಿಗೆ ಕಬ್ಬಿಣದ ಪುಡಿ ಮೆತ್ತಿದರೆ ಎಳೆಯದೆ ಏನು ಮಾಡುತ್ತದೆ?

ಪ್ರಶ್ನೆ: ಅಸ್ಸಾಮಿನಲ್ಲಿ ಕೆಲಸಕ್ಕಿದ್ದಾಗ ಚಹಾ ತೋಟದ ಹೆಸರಿರುವ ಹಿತ್ತಾಳೆ ಬಿಲ್ಲೆಗಳನ್ನು ಕೊಂಡೆ. ಮುಖಬೆಲೆಯೇ ಇಲ್ಲ, ಒಂದು ದುಂಡಗೆ, ಒಂದು ತ್ರಿಕೋನ. ಯಾಕೆ? (ಸಾಗರ)

ಇವು ಹಾಜರಿ ಬಿಲ್ಲೆಗಳು. ಅಸ್ಸಾಂ, ಕಾಚಾರ್, ಸಿಲ್ಹೆಟ್ಟಿನ ತೋಟಗಳಲ್ಲಿ 19ನೇ ಶತಮಾನದ ಕೊನೆಯಲ್ಲಿ ಚಿಲ್ಲರೆ ನಾಣ್ಯ ಸಾಕಷ್ಟು ತಲುಪುತ್ತಿರಲಿಲ್ಲ. ದಿನದ ಕೆಲಸ ಮುಗಿಸಿದವರಿಗೆ ಪೂರ್ಣ ಹಾಜರಿಗೆ ಒಂದು, ಅರ್ಧ ಹಾಜರಿಗೆ ಒಂದು, ಹೆಚ್ಚಿನ ಕೆಲಸಕ್ಕೆ 'ಟಿಕ್ಕಾ' ಎಂಬ ಇನ್ನೊಂದು ಬಿಲ್ಲೆ ಕೊಟ್ಟು, ಆಮೇಲೆ ಹಣಕ್ಕೆ ಬದಲಿಸಿಕೊಡುತ್ತಿದ್ದರು. ಓದಲು ಬಾರದವರಿಗೂ ಆಕಾರದಿಂದಲೇ ಲೆಕ್ಕ ಸಿಗಬೇಕು. ಅದಕ್ಕೇ ದುಂಡು, ಮೊಟ್ಟೆ, ಮೂರು ಮೂಲೆ, ನಡುವೆ ತೂತು ಎಲ್ಲ. ಕೂಲಿಗಾರರು ಅಂಗಡಿಗೂ ಅದನ್ನೇ ಕೊಡುತ್ತಿದ್ದರು, ತೋಟದ ಸುತ್ತ ಅದು ದುಡ್ಡಾಗಿಯೇ ಓಡುತ್ತಿತ್ತು. ಆದರೆ ತೋಟದ ಹೊರಗೆ ಬೆಲೆಯಿಲ್ಲ ಎಂಬುದು ಕೂಲಿಗಾರರನ್ನು ತೋಟಕ್ಕೆ ಕಟ್ಟಿಹಾಕುವ ಹಗ್ಗವೂ ಹೌದು. ಇದನ್ನು ಬಿಟ್ಟು ಈ ಬಿಲ್ಲೆಗಳ ಕಥೆ ಹೇಳಬಾರದು.

ಹಲವನ್ನು ಮಾಡಿದ್ದು ಕಲ್ಕತ್ತಾ ಟಂಕಸಾಲೆ, ಇನ್ನು ಕೆಲವನ್ನು ಬರ್ಮಿಂಗ್‌ಹ್ಯಾಮಿನ ಹೀಟನ್ ಕಂಪನಿ. ಹಾಗಾಗಿ ಅಕ್ಷರ ಚೂಪಾಗಿ, ಬಯಲು ನಯವಾಗಿ ಇರಬೇಕು. ಒರಟು ಎರಕದ, ಒಂದೇ ಬಗೆಯ ಕಪ್ಪು ಬಳಿದ ಬಿಲ್ಲೆಗಳು ಕಂತೆಗಟ್ಟಲೆ ಬಂದರೆ ಬಿಡಿ. ಒಂದು ತೋಟದ್ದಾದರೆ ಪೂರ್ಣ, ಅರ್ಧ, ಟಿಕ್ಕಾ ಮೂರನ್ನೂ ಜೊತೆಗೂಡಿಸಲು ನೋಡಿ. ಹತ್ತು ತೋಟದ ಹತ್ತು ಒಂಟಿ ಬಿಲ್ಲೆಗಿಂತ ಅಂಥ ಒಂದು ಜೋಡಣೆ ಹೆಚ್ಚು ತಿಳಿಸುತ್ತದೆ.

ಈಗ ಅಂಗಡಿಯವರು ಚಿಲ್ಲರೆಗೆ ಬದಲು ಲೋಹದ ಟೋಕನ್ ಹೊಡೆಸಬಹುದೇ ಎಂಬ ನಿಮ್ಮ ಉಪಪ್ರಶ್ನೆಗೆ ಉತ್ತರ: ಇಲ್ಲ. 1889ರಲ್ಲೇ ಇದಕ್ಕೆಂದು ಒಂದು ಲೋಹ ಟೋಕನ್ ಕಾಯ್ದೆ ಬಂದಿತ್ತು. 2011ರ ನಾಣ್ಯ ಕಾಯ್ದೆ ಅದನ್ನು ತೆಗೆದುಹಾಕಿತಾದರೂ, ಹಣದಂತೆ ಬಳಸಲೆಂದು ಲೋಹದ ಚೂರು ಮಾಡುವುದನ್ನು ತಾನೇ ನಿಷೇಧಿಸಿದೆ. ಹೋಟೆಲಿನಲ್ಲಿ ದೋಸೆಗೆ ಕೊಡುವ ಬಿಲ್ಲೆ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ದೋಸೆಯ ಗುರುತು, ದುಡ್ಡಲ್ಲ.

ಪ್ರಶ್ನೆ: ಮ್ಯೂನಿಕ್‌ನಲ್ಲಿದ್ದೇವೆ. ಭಾನುವಾರದ ಸಂತೆಯಲ್ಲಿ ನೋಟ್‌ಗೆಲ್ಡ್ ಎಂದು ಬಣ್ಣಬಣ್ಣದ ಸಣ್ಣ ನೋಟುಗಳನ್ನು ಡಬ್ಬಿಗಟ್ಟಲೆ ಮಾರುತ್ತಾರೆ. ಎಲ್ಲಿಂದ ಶುರು ಮಾಡಲಿ?

ನೋಟ್‌ಗೆಲ್ಡ್ ಅಂದರೆ ಆಪತ್ತಿನ ಹಣ. ಜರ್ಮನಿಯ ಊರು, ಜಿಲ್ಲೆ, ಕಾರ್ಖಾನೆಗಳು 1914ರಿಂದ 1923ರವರೆಗೆ ತಾವೇ ಹೊರಡಿಸಿಕೊಂಡದ್ದು. ಇದರಲ್ಲಿ ಪದರಗಳಿವೆ, ಡಬ್ಬಿಗೆ ಕೈ ಹಾಕುವ ಮುಂಚೆ ಅವನ್ನು ಬೇರೆ ಮಾಡಿಕೊಳ್ಳಿ.

ಮೊದಲನೆಯದು ಯುದ್ಧ ಶುರುವಾದ 1914ರ ಗಾಬರಿಯ ಚೀಟಿಗಳು. ಸಾದಾ ಕಾಗದ, ಟೈಪು ಮಾಡಿದ ಅಕ್ಷರ, ರಬ್ಬರ್ ಮೊಹರು, ಕೈಸಹಿ. ನೋಡಲು ಏನೂ ಚೆನ್ನಾಗಿಲ್ಲ, ಆದರೆ ವಿರಳ. ಎರಡನೆಯದು 1916ರ ನಂತರದ ಚಿಲ್ಲರೆ: ತಾಮ್ರ, ನಿಕಲ್ ಯುದ್ಧಕ್ಕೆ ಹೋದವು, ಊರುಗಳು ಸತು ಮತ್ತು ಕಬ್ಬಿಣದಲ್ಲಿ ಕಾಸು ಹೊಡೆಸಿದವು, ಜೊತೆಗೆ ಸಣ್ಣ ಕಾಗದದ ಫೆನಿಗ್‌ಗಳು (ಜರ್ಮನಿಯ ಮಾರ್ಕಿನ ನೂರನೇ ಒಂದು ಪಾಲು). ಮೂರನೆಯದು ನಿಮ್ಮ ಡಬ್ಬಿಯಲ್ಲಿ ತುಂಬಿರುವುದು, 1921–22ರ ಸರಣಿ ನೋಟುಗಳು. ಹಾಮೆಲ್ನ್‌ನ ಇಲಿ ಓಡಿಸಿದ ಕೊಳಲಿನವನಂಥ ಊರಿನ ಕಥೆ, ಗಾದೆ, ನಗೆಚಿತ್ರ. ಸಂಗ್ರಾಹಕರು ಕೊಳ್ಳುತ್ತಾರೆಂದು ಗೊತ್ತಾದ ಮೇಲೆ ಊರುಗಳು ಅವರಿಗಾಗಿಯೇ ಅಚ್ಚು ಹಾಕಿಸಿದವು, ಹಲವು ಒಂದು ಅಂಗಡಿಯ ಗಲ್ಲಾಪೆಟ್ಟಿಗೆಯನ್ನೂ ಕಂಡಿಲ್ಲ. ಹಾಗಾಗಿ ಮಡಿಕೆಯಿಲ್ಲದ ಹೊಸ ನೋಟಿಗೆ ಇಲ್ಲಿ ವಿಶೇಷ ಬೆಲೆ ಕೊಡಬೇಕಿಲ್ಲ. 1922ರ ಜುಲೈಯಲ್ಲಿ ಸರ್ಕಾರ ಕಾನೂನು ತಂದು ಇದನ್ನು ನಿಲ್ಲಿಸಿತು.

ನಾಲ್ಕನೆಯದು 1923ರ ಹಣದುಬ್ಬರದ್ದು. ನೋಟು ಅಚ್ಚಾಗುವಷ್ಟರಲ್ಲೇ ಬೆಲೆ ಬೀಳುತ್ತಿತ್ತು. ಅದಕ್ಕೇ ಬಹಳಷ್ಟರ ಹಿಂಬದಿ ಖಾಲಿ, ಹಳೆಯ ನೋಟಿನ ಮೇಲೇ ದೊಡ್ಡ ಅಂಕಿಯ ಮೊಹರು. ರೈಲ್ವೆ ಕೂಡ ತನ್ನದೇ ನೋಟು ಹೊಡೆಯಿತು. ಸೊನ್ನೆ ಎಣಿಸುವಾಗ ಭಾಷೆಯ ಬಲೆಗೆ ಬೀಳಬೇಡಿ. ಜರ್ಮನ್ನಿನ 'ಮಿಲಿಯಾರ್ಡೆ' ಅಂದರೆ ನಮ್ಮ 100 ಕೋಟಿ, 'ಬಿಲಿಯೋನ್' ಅಂದರೆ 1 ಲಕ್ಷ ಕೋಟಿ. ಇಂಗ್ಲಿಷಿನ ಬಿಲಿಯನ್ ಎಂದುಕೊಂಡರೆ ಸಾವಿರ ಪಟ್ಟು ತಪ್ಪುತ್ತೀರಿ. 1923ರ ನವೆಂಬರ್ 15ರಂದು ಬಂದ ರೆಂಟೆನ್‌ಮಾರ್ಕ್ ಒಂದಕ್ಕೆ ಹಳೆಯ 1 ಲಕ್ಷ ಕೋಟಿ ಕಾಗದದ ಮಾರ್ಕ್ ಸಮ. ಆಗ ಒಂದು ಡಾಲರಿಗೆ 4.2 ಲಕ್ಷ ಕೋಟಿ.

ನಮ್ಮ ಸಲಹೆ: ಅಂದದ ಸರಣಿ ನೋಟುಗಳಲ್ಲಿ ಒಂದೇ ಪೂರ್ಣ ಸೆಟ್ಟು ಸಾಕು. ಉಳಿದ ಹಣವನ್ನು ನೀವಿರುವ ಬವೇರಿಯಾದ ಯಾವುದಾದರೂ ಒಂದು ಸಣ್ಣ ಊರಿನ ಎಲ್ಲ ಪದರಗಳಿಗೂ ಹಾಕಿ: 1914ರ ಚೀಟಿ, ಸತುವಿನ ಕಾಸು, 1923ರ ಕೋಟಿ ಲೆಕ್ಕದ ಕಾಗದ. ಹತ್ತು ವರ್ಷದಲ್ಲಿ ಒಂದೂರಿನ ಪಾಡು ಏನಾಯಿತೆಂಬುದು ಒಂದೇ ಪುಟದಲ್ಲಿ ಕಾಣುತ್ತದೆ. ಊರಿನ ಹೆಸರು ಓದುವಾಗ ಎಚ್ಚರ, ಒಂದೇ ಹೆಸರಿನ ಊರುಗಳು ಹಲವಿವೆ. 'ಗುಟ್‌ಶೈನ್' ಎಂದರೆ ಚೀಟಿ, ಊರಿನ ಹೆಸರಲ್ಲ. 'ಎಂಟ್‌ವೇರ್ಟೆಟ್' ಅಥವಾ 'ಉನ್‌ಗ್ಯುಲ್ಟಿಗ್' ಎಂಬ ಮೊಹರಿದ್ದರೆ ರದ್ದಾದದ್ದು, 'ಮುಸ್ಟರ್' ಇದ್ದರೆ ಮಾದರಿ ಪ್ರತಿ.

ಬೀಲೆಫೆಲ್ಟ್ ಊರಿನ ಉಳಿತಾಯ ಬ್ಯಾಂಕು ರೇಷ್ಮೆ, ಲಿನನ್, ಮಖಮಲ್ಲಿನ ಮೇಲೆ ಅಚ್ಚು ಹಾಕಿಸಿದ ನೋಟುಗಳೂ, ಸ್ಯಾಕ್ಸನಿ ರಾಜ್ಯಕ್ಕಾಗಿ ಮೈಸೆನ್ ಪಿಂಗಾಣಿ ಕಾರ್ಖಾನೆ 1920–21ರಲ್ಲಿ ಮಾಡಿದ ಕಂದು ಪಿಂಗಾಣಿ ಕಾಸುಗಳೂ ಎಲ್ಲರ ಕಣ್ಣಿಗೆ ಬೀಳುತ್ತವೆ. ಪಿಂಗಾಣಿಯದ್ದರಲ್ಲಿ ಮೈಸೆನ್‌ನ ಗುರುತಾದ, ಒಂದಕ್ಕೊಂದು ಅಡ್ಡಲಾಗಿರುವ ಎರಡು ಕತ್ತಿಗಳನ್ನು ಹುಡುಕಿ, ಅಂಚಿನ ಚೆಕ್ಕೆ ಎದ್ದಿದೆಯೇ ಎಂದು ಉಗುರಾಡಿಸಿ ನೋಡಿ. ರೇಷ್ಮೆಯದ್ದನ್ನು ಒಗೆಯಬೇಡಿ, ಇಸ್ತ್ರಿಯೂ ಬೇಡ. ಸತುವಿನ ಕಾಸಿನ ಮೇಲಿನ ಬೂದು ಪೊರೆಯನ್ನು ನಿಂಬೆರಸದಿಂದ ತೆಗೆಯಲು ಹೋದರೆ ಸತುವೇ ನೊರೆಯಾಗಿ ಹೋಗುತ್ತದೆ.

ಪ್ರಶ್ನೆ: ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಹಿತ್ತಾಳೆ ಟೋಕನ್ ಗುಲಾಬಿ ಬಣ್ಣಕ್ಕೆ ತಿರುಗಿದೆ. ಸರಿಮಾಡುವುದು ಹೇಗೆ? (ತುಮಕೂರು)

ಸರಿಯಾಗುವುದಿಲ್ಲ. ಹುಳಿ ಹಿತ್ತಾಳೆಯ ಮೇಲ್ಪದರದ ಸತುವನ್ನು ಕರಗಿಸಿ ತಾಮ್ರವನ್ನು ಬಿಟ್ಟಿದೆ, ಆ ಗುಲಾಬಿ ತಾಮ್ರದ್ದು. ಇನ್ನೂ ತಿಕ್ಕಿದರೆ ಅಕ್ಷರವೂ ಹೋಗುತ್ತದೆ. ಹಾಗೇ ಬಿಡಿ, ಕೆಲವು ವರ್ಷಕ್ಕೆ ತಾನೇ ಮಂಕಾಗುತ್ತದೆ. ಪಾತ್ರೆ ಬೆಳಗುವ ಯಾವ ಪುಡಿಯೂ, ವಿಭೂತಿಯೂ, ಟೂತ್‌ಪೇಸ್ಟೂ ಸಂಗ್ರಹದ ಹತ್ತಿರ ಬರಬಾರದು. ಕೊಬ್ಬರಿ ಎಣ್ಣೆ ಸಾಧು ಎಂದುಕೊಂಡವರಿದ್ದಾರೆ. ಅದರಲ್ಲಿನ ಕೊಬ್ಬಿನ ಆಮ್ಲ ತಾಮ್ರದೊಂದಿಗೆ ಸೇರಿ ಹಸಿರು ಜಿಡ್ಡಾಗುತ್ತದೆ.

ಕಿಲುಬಿನಲ್ಲಿ ಎರಡು ಬಗೆ. ಗಟ್ಟಿಯಾಗಿ, ನಯವಾಗಿ, ಕಡುಬಣ್ಣದಲ್ಲಿ ಕೂತದ್ದು ಲೋಹಕ್ಕೆ ರಕ್ಷೆ, ಮುಟ್ಟಬೇಡಿ. ತಿಳಿಹಸಿರಿನ ಪುಡಿ ಚುಕ್ಕೆಯಾಗಿ, ಹಲ್ಲುಕಡ್ಡಿಯಿಂದ ಉದುರಿಸಿದರೂ ವಾರದಲ್ಲಿ ಮತ್ತೆ ಎದ್ದರೆ ಅದು ರೋಗ. ಉಪ್ಪಿನ ಅಂಶ ಒಳಗೆ ಕೂತಿದೆ ಎಂದರ್ಥ. ಅದನ್ನು ಬೇರೆ ಡಬ್ಬಿಗೆ ಹಾಕಿ. ಪುಡಿಯನ್ನು ಮರದ ಕಡ್ಡಿಯಿಂದ ತೆಗೆದು, ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ವಾರ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ, ಅದರಲ್ಲೇ ಉಪ್ಪಿದೆ. ಕೊನೆಗೆ ಅಸಿಟೋನಿನಲ್ಲಿ ಅದ್ದಿ ಒಣಗಿಸಿ, 15 ದಿನ ಸಿಲಿಕಾ ಜೆಲ್ (ತೇವ ಹೀರುವ ಹರಳು) ಜೊತೆ ಇಟ್ಟು ಕಾಯಿರಿ. ಅಸಿಟೋನ್ ಪ್ರಯೋಗಾಲಯದ ಸಾಮಾನಿನ ಅಂಗಡಿಯದ್ದಾಗಲಿ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಬಣ್ಣ, ಸುಗಂಧ ಎಲ್ಲ ಬೆರೆತಿರುತ್ತದೆ. ಗಾಜಿನ ಬಟ್ಟಲು, ತೆರೆದ ಕಿಟಕಿ, ಹತ್ತಿರ ದೇವರ ದೀಪವೂ ಇಲ್ಲದಂತೆ ನೋಡಿಕೊಳ್ಳಿ. ರಿಬ್ಬನ್ ಅಥವಾ ಎನಾಮಲ್ ಇರುವ ಪದಕವನ್ನು ಇದರಲ್ಲಿ ಅದ್ದಬೇಡಿ.

ಪ್ರಶ್ನೆ: ಕರಾವಳಿಯ ಮಳೆಗಾಲ. ಆಲ್ಬಮಿನಲ್ಲಿಟ್ಟ ಬಿಲ್ಲೆಗಳ ಮೇಲೆ ಹಸಿರು ಅಂಟು. (ಕುಂದಾಪುರ)

ಅದು ಮಳೆಯದಷ್ಟೇ ಅಲ್ಲ, ಆಲ್ಬಮಿನದು. ಮೆತ್ತಗೆ ಬಾಗುವ, ಹೊಸ ರೇನ್‌ಕೋಟಿನ ವಾಸನೆ ಬರುವ ಪಿವಿಸಿ ಹಾಳೆ ಕಾಲಕ್ರಮದಲ್ಲಿ ಆಮ್ಲ ಬಿಡುತ್ತದೆ. ಅಂಟನ್ನು ಅಸಿಟೋನ್ ತೆಗೆಯುತ್ತದೆ, ಉಜ್ಜಬೇಡಿ. ಮೈಲಾರ್ (ಪಾಲಿಯೆಸ್ಟರಿನ ಪಾರದರ್ಶಕ ಹಾಳೆ) ಕವರು ಅಥವಾ ಮೈಲಾರ್ ಕಿಟಕಿಯ ರಟ್ಟಿನ ಚೌಕಕ್ಕೆ ಬದಲಿಸಿ. ಸ್ಟೇಪಲ್ ಪಿನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ಬಿಲ್ಲೆಯನ್ನು ಗೀರುತ್ತದೆ.

ಗಾಳಿಯಾಡದ 5 ಲೀಟರಿನ ಡಬ್ಬಿಗೆ 50ರಿಂದ 100 ಗ್ರಾಂ ಸಿಲಿಕಾ ಜೆಲ್ ಹಾಕಿ. ಬಣ್ಣ ಬದಲಾದಾಗ 120 ಡಿಗ್ರಿಯ ಒಲೆಯಲ್ಲಿ ಎರಡು ಗಂಟೆ ಬಿಸಿ ಮಾಡಿ ಮತ್ತೆ ಬಳಸಿ. ಕಾಗದದ ಕೂಪನ್‌ಗಳಿಗೆ ಬೇರೆ ಡಬ್ಬಿ, ಅಷ್ಟೊಂದು ಒಣಹವೆ ಅವಕ್ಕೆ ಆಗದು, ಗರಿಗರಿಯಾಗಿ ಮುರಿಯುತ್ತವೆ. ಸೀಸ ಬೆರೆತ ಬಿಲ್ಲೆಗಳನ್ನು ಮರದ ಪೆಟ್ಟಿಗೆಯಲ್ಲಿ ಇಡಬೇಡಿ, ಮರದಿಂದ ಹೊರಡುವ ಹುಳಿ ಆವಿಗೆ ಸೀಸ ಬಿಳಿ ಪುಡಿಯಾಗುತ್ತದೆ. ರಬ್ಬರ್ ಬ್ಯಾಂಡಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ನುಸಿಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್ ಡಬ್ಬಿಗಳನ್ನೇ ಮೆತ್ತಗೆ ಮಾಡುತ್ತದೆ.

ಪ್ರಶ್ನೆ: 2006ರ ಬಸವೇಶ್ವರರ 5 ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಸಂದೇಶ ಬಂದಿದೆ. ಮೊದಲು ನೋಂದಣಿ ಶುಲ್ಕ ಕಟ್ಟಬೇಕಂತೆ. (ಬಾಗಲಕೋಟೆ)

ಕಟ್ಟಬೇಡಿ. ಅದು ಓಡಾಟಕ್ಕೆಂದೇ ಬಿಟ್ಟ ನಾಣ್ಯ, ಕಿರಾಣಿ ಅಂಗಡಿಯಲ್ಲಿ ಇವತ್ತೂ 5 ರೂಪಾಯಿಯೇ. ತನ್ನ ಹೆಸರು ಹೇಳಿಕೊಂಡು ಹಳೆ ನಾಣ್ಯ, ನೋಟಿನ ವ್ಯವಹಾರಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಕೊಳ್ಳುವವನು ದುಡ್ಡು ಕೊಡಬೇಕು, ಕೇಳಬಾರದು.

ಪ್ರಶ್ನೆ: ನಮ್ಮ ಮೆಟ್ರೊ ಟೋಕನ್ ಒಂದನ್ನು ಸಂಗ್ರಹಕ್ಕೆ ಇಟ್ಟುಕೊಳ್ಳಬಹುದೆ? (ಬೆಂಗಳೂರು)

ಬೇಡ. ಒಳಗೆ ಚಿಪ್ ಇರುವ ಆ ಟೋಕನ್ ಮತ್ತೆ ಮತ್ತೆ ಬಳಸುವ ಸಾಮಾನು. ಇಳಿಯುವ ನಿಲ್ದಾಣದ ಗೇಟಿಗೆ ಹಾಕಿಯೇ ಹೊರಗೆ ಬರಬೇಕು. ಬೆಂಗಳೂರಿನದೇ ಬಿಲ್ಲೆ ಬೇಕೆಂದರೆ ಮುಚ್ಚಿಹೋದ ಕಾರ್ಖಾನೆಗಳ ಕ್ಯಾಂಟೀನ್ ಟೋಕನ್, ಹಳೆ ಹೋಟೆಲುಗಳ ಕಾಫಿ ಬಿಲ್ಲೆ ಹುಡುಕಿ. ಗುಜರಿಯವರ ತಕ್ಕಡಿಗೆ ಅವು ಕಿಲೊ ಲೆಕ್ಕದಲ್ಲಿ ಹೋಗುತ್ತಿವೆ. ಸಿಕ್ಕ ದಿನವೇ ಯಾವ ಕಾರ್ಖಾನೆ, ಯಾರಿಂದ ಸಿಕ್ಕಿತು, ಯಾವ ತಿಂಡಿಗೆ ಎಂದು ಪೆನ್ಸಿಲಿನಲ್ಲಿ ಕವರಿನ ಮೇಲೆ ಬರೆದಿಡಿ. ಅಂಕಿ ಮಾತ್ರ ಇರುವ ಬಿಲ್ಲೆಗೆ ಆ ಚೀಟಿ ಕಳೆದರೆ ಅದು ಮತ್ತೆ ಬರೀ ಹಿತ್ತಾಳೆ.